ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕ್ಲಾಸ್ ಹೊರಗೆ ಬರೆದ ಮೆಥಡ್ ಯಾರಿಗೆ ಸೇರುತ್ತದೆ?

ಪ್ರಶ್ನೆ: ಯಾವ ಕ್ಲಾಸೂ ಇಲ್ಲದೆ, ಫೈಲ್‌ನಲ್ಲಿ ಸುಮ್ನೆ ಡೆಫ್ ಹಾಕಿ ‘ತಯಾರಿ’ ಅಂತ ಒಂದು ಮೆಥಡ್ ಬರೆದೆ. ನನ್ನ ಕ್ಲಾಸ್‌ಗಳ ಒಳಗಿಂದ ಕರೆದರೂ ಓಡುತ್ತದೆ. ಆದರೆ ಒಂದು ಸ್ಟ್ರಿಂಗ್‌ಗೆ ಡಾಟ್ ಹಾಕಿ ಕರೆದರೆ ‘ಪ್ರೈವೇಟ್ ಮೆಥಡ್’ ಅಂತ ಎರರ್. ನಾನು ಪ್ರೈವೇಟ್ ಅಂತ ಎಲ್ಲೂ ಬರೆದಿಲ್ಲ! ಹೀಗೆ ಬರೆಯುವುದು ಸರಿಯಾ? ಅನುಭವ ಇದ್ದವರು ಹೇಳಿ.

ಉತ್ತರ 1: ಎರರ್ ಸರಿಯಾಗಿಯೇ ಇದೆ. ಫೈಲ್‌ನ ಮೇಲ್ಮಟ್ಟದಲ್ಲಿ ಸೆಲ್ಫ್ (ಆ ಕ್ಷಣದಲ್ಲಿ ಕೋಡ್ ಓಡುತ್ತಿರುವ ಆಬ್ಜೆಕ್ಟ್) ಅಂದರೆ ‘ಮೇನ್’ ಅನ್ನುವ ಆಬ್ಜೆಕ್ಟ್. ಆದರೆ ಅಲ್ಲಿ ಬರೆದ ಡೆಫ್ ಮೇನ್‌ಗೆ ಸೇರುವುದಿಲ್ಲ, ಆಬ್ಜೆಕ್ಟ್ ಕ್ಲಾಸ್‌ಗೆ ಪ್ರೈವೇಟ್ ಮೆಥಡ್ ಆಗಿ ಸೇರುತ್ತದೆ. ನಿಮ್ಮ ಕ್ಲಾಸ್‌ಗಳು, ಸ್ಟ್ರಿಂಗ್, ನಂಬರ್, ನಿಲ್ (‘ಏನೂ ಇಲ್ಲ’ ಅನ್ನುವ ಬೆಲೆ) ಎಲ್ಲವೂ ಆಬ್ಜೆಕ್ಟ್‌ನ ಮಕ್ಕಳೇ ಅಲ್ವಾ? ಹಾಗಾಗಿ ಎಲ್ಲದರ ಒಳಗೂ ಅದು ಸಿಗುತ್ತದೆ. ಪ್ರೈವೇಟ್ ಆದ್ದರಿಂದ ಹೊರಗಿನಿಂದ ಡಾಟ್ ಹಾಕಿ ಕರೆಯಲು ಆಗುವುದಿಲ್ಲ. ರೂಬಿ 2.7ರಿಂದ ‘ಸೆಲ್ಫ್ ಡಾಟ್’ಗೆ ಮಾತ್ರ ವಿನಾಯಿತಿ ಇದೆ. ಸ್ಕ್ರೀನ್ ಮೇಲೆ ಪ್ರಿಂಟ್ ಮಾಡುವ ಪುಟ್ಸ್ ಕೂಡ ಹೀಗೇ: ಕರ್ನಲ್ ಮಾಡ್ಯೂಲ್‌ನ ಪ್ರೈವೇಟ್ ಮೆಥಡ್. ಸ್ಟ್ರಿಂಗ್‌ಗೆ ಡಾಟ್ ಹಾಕಿ ಪುಟ್ಸ್ ಕರೆದು ನೋಡಿ, ಇದೇ ಎರರ್ ಬರುತ್ತದೆ.

ಎರರ್ ಹೋಗಲಿ ಅಂತ ಮೇಲೆ ‘ಪಬ್ಲಿಕ್’ ಬರೆಯಬೇಡಿ. ಆಮೇಲೆ ನಿಲ್ ಮೇಲೂ ‘ತಯಾರಿ’ ಓಡುತ್ತದೆ. ಎರರ್ ಬರಬೇಕಾದ ಕಡೆ ಬರುವುದಿಲ್ಲ.

ಉತ್ತರ 2: ಒಂದೇ ಫೈಲ್‌ನ ಸಣ್ಣ ಸ್ಕ್ರಿಪ್ಟ್ ಆದರೆ ಧೈರ್ಯವಾಗಿ ಹೀಗೇ ಬರೆಯಿರಿ. ನಾನು ಜಾಸ್ತಿ ತೊಂದರೆ ನೋಡಿದ್ದು ರೇಕ್ (ರೂಬಿಯಲ್ಲಿ ಟಾಸ್ಕ್‌ಗಳನ್ನು ಬರೆದು ಓಡಿಸುವ ಟೂಲ್) ಫೈಲ್‌ಗಳಲ್ಲಿ. ನೇಮ್‌ಸ್ಪೇಸ್ ಬ್ಲಾಕ್ ಒಳಗೆ ಬರೆದ ಮೆಥಡ್ ಅಲ್ಲೇ ಉಳಿಯುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಉಳಿಯುವುದಿಲ್ಲ. ನೇಮ್‌ಸ್ಪೇಸ್ ಟಾಸ್ಕ್‌ಗಳ ಹೆಸರಿಗೆ ಮಾತ್ರ, ಒಳಗಿನ ಡೆಫ್ ಸೀದಾ ಆಬ್ಜೆಕ್ಟ್‌ಗೇ ಹೋಗುತ್ತದೆ. ನಮ್ಮ ಪ್ರಾಜೆಕ್ಟ್‌ನ ಎರಡು ಫೈಲ್‌ಗಳಲ್ಲಿ ಒಂದೇ ಹೆಸರಿನ ಮೆಥಡ್ ಇತ್ತು. ಕೊನೆಗೆ ಲೋಡ್ ಆದದ್ದು ಮೊದಲಿನದನ್ನು ಸದ್ದಿಲ್ಲದೆ ಅಳಿಸಿತ್ತು. ಎರರ್ ಬರಲಿಲ್ಲ, ತಪ್ಪು ಡೇಟಾ ಬಂತು. ಅದನ್ನು ಹುಡುಕುವುದು ನಿಜಕ್ಕೂ ಕಷ್ಟ. ವಾರ್ನಿಂಗ್ ಆನ್ ಮಾಡಿ ಓಡಿಸಿದರೆ ‘ಮೆಥಡ್ ರೀಡಿಫೈನ್ಡ್’ ಅಂತ ರೂಬಿಯೇ ಹೇಳುತ್ತದೆ. ಈಗ ನಾವು ಇಂಥವನ್ನೆಲ್ಲ ಒಂದು ಮಾಡ್ಯೂಲ್‌ನಲ್ಲಿಟ್ಟು, ‘ಮಾಡ್ಯೂಲ್ ಫಂಕ್ಷನ್’ ಹಾಕಿ, ಮಾಡ್ಯೂಲ್ ಹೆಸರಿನಿಂದಲೇ ಕರೆಯುತ್ತೇವೆ.

ಉತ್ತರ 3: ಇನ್ನೊಂದು ವಿಷಯ. ಮೇಲ್ಮಟ್ಟದಲ್ಲಿ ಇಟ್ಟ ಇನ್‌ಸ್ಟನ್ಸ್ ವೇರಿಯಬಲ್ ಮೇನ್‌ನದು. ಅದನ್ನು ಓದುವ ಮೆಥಡ್‌ ಅನ್ನು ಬೇರೆ ಕ್ಲಾಸ್ ಒಳಗಿಂದ ಕರೆದರೆ ಸೆಲ್ಫ್ ಬದಲಾಗಿರುತ್ತದೆ, ನಿಲ್ ಸಿಗುತ್ತದೆ. ಲೋಕಲ್ ವೇರಿಯಬಲ್ ಅಂತೂ ಡೆಫ್ ಒಳಗೆ ಕಾಣುವುದೇ ಇಲ್ಲ. ಬೇಕಾದ್ದನ್ನು ಆರ್ಗ್ಯುಮೆಂಟ್ ಆಗಿ ಕಳಿಸಿ. ಮೆಥಡ್ ಮೇನ್‌ಗೆ ಮಾತ್ರ ಇರಲಿ ಅನಿಸಿದರೆ ‘ಡೆಫ್ ಸೆಲ್ಫ್ ಡಾಟ್ ತಯಾರಿ’ ಅಂತ ಬರೆಯಬಹುದು, ಆಗ ಬೇರೆ ಆಬ್ಜೆಕ್ಟ್‌ಗಳಿಗೆ ಅದು ಸಿಗುವುದಿಲ್ಲ.