ಪುಟ್ಟ ಬಾಯ್ಲರ್ 1.5ಕ್ಕೆ ಕಟ್ ಆಗುತ್ತಿಲ್ಲ, ಸೇಫ್ಟಿ ವಾಲ್ವ್ ಹಾರುತ್ತಿದೆ. ಗೊತ್ತಿದ್ದವರು ಹೇಳಿ

ಹಪ್ಪಳದ ಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗಿನ ಹಳ್ಳಿ. ಹಳೇ ಕೊಟ್ಟಿಗೆ ಸರಿಮಾಡಿಕೊಂಡು ನಾನು, ಅತ್ತೆ, ಊರಿನ ನಾಲ್ಕು ಹೆಂಗಸರು ಹಲಸಿನಕಾಯಿ ಹಪ್ಪಳ ಮಾಡುತ್ತೇವೆ. ಮೊದಲು ಸೊಳೆ ಬೇಯಿಸುತ್ತಿದ್ದದ್ದು ಸೌದೆ ಒಲೆಯಲ್ಲಿ. ಹೊಗೆಗೆ ಅತ್ತೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅದಕ್ಕೇ ಮೂರು ವರ್ಷದ ಹಿಂದೆ ಕರೆಂಟಿನ ಪುಟ್ಟ ಬಾಯ್ಲರ್ ತಂದೆವು. 24 ಲೀಟರಿನದು, 3 ಕಿಲೋವ್ಯಾಟಿನ ಎರಡು ಕಾಯಿಲ್. ಹಬೆ ಪೈಪಿನಲ್ಲಿ ಬಂದು ಸೊಳೆ ಪಾತ್ರೆಯ ಅಡಿಗೆ ಹೋಗುತ್ತದೆ.

ಪ್ರೆಶರ್ ಸ್ವಿಚ್ 1.5 ಕೆಜಿ ಒತ್ತಡಕ್ಕೆ (ಚದರ ಸೆಂಟಿಮೀಟರಿಗೆ) ಕಾಯಿಲ್ ಆಫ್ ಮಾಡಬೇಕು, 1ಕ್ಕೆ ಇಳಿದಾಗ ಮತ್ತೆ ಆನ್ ಮಾಡಬೇಕು. ಎರಡು ಸೀಸನ್ ಹಾಗೇ ನಡೆಯಿತು. ಈ ವರ್ಷ ಪಾತ್ರೆ ಬದಲಿಸಲು ಹಬೆ ವಾಲ್ವ್ ಮುಚ್ಚಿದರೆ ಸಾಕು, ಗೇಜಿನ ಮುಳ್ಳು 1.5 ದಾಟಿ, 2 ದಾಟಿ ಹೋಗುತ್ತದೆ. ಮೊನ್ನೆ 2.5 ಮುಟ್ಟಿ ಸೇಫ್ಟಿ ವಾಲ್ವ್ ಹಾರಿತು, ತಾನೇ ತೆರೆದು ಹಬೆ ಹೊರಗೆ ಚಿಮ್ಮಿತು. ಆ ಶಬ್ದಕ್ಕೆ ಹೆಂಗಸರೆಲ್ಲ ಅಂಗಳಕ್ಕೆ ಓಡಿದರು. ಇನ್ನೊಂದು ತೊಂದರೆ ಇದಕ್ಕೆ ಉಲ್ಟಾ. ಒಮ್ಮೆ ಆಫ್ ಆಯಿತು ಅಂದರೆ ಮುಳ್ಳು 0.2ಕ್ಕೆ ಬಂದರೂ ಕಾಯಿಲ್ ಆನ್ ಆಗುವುದಿಲ್ಲ. ಸೊಳೆ ಅರೆಬೆಂದು ಕೂರುತ್ತದೆ. ಅರೆಬೆಂದ ಸೊಳೆಯನ್ನು ಎಷ್ಟು ಕುಟ್ಟಿದರೂ ಹಿಟ್ಟು ನುಣ್ಣಗಾಗುವುದಿಲ್ಲ, ಹಪ್ಪಳದ ಅಂಚು ಒಡೆಯುತ್ತದೆ.

ಪಕ್ಕದೂರಿನ ಮೆಕ್ಯಾನಿಕ್ ಒಬ್ಬರು ಬಂದು ಸ್ವಿಚ್ಚಿನ ಸ್ಕ್ರೂ ತಿರುಗಿಸಿ 1ಕ್ಕೆ ಇಳಿಸಿದರು. ಈಗ ಆನ್ ಆಗುವುದು ಇನ್ನೂ ತಡ. ಸೇಫ್ಟಿ ವಾಲ್ವಿನ ನಟ್ ಬಿಗಿ ಮಾಡಿದರೆ ಹಾರುವುದಿಲ್ಲ ಅಂತಲೂ ಹೇಳಿದರು. ನನಗೆ ಧೈರ್ಯ ಬರಲಿಲ್ಲ, ಬೇಡ ಎಂದೆ. ಮೇ ಅರ್ಧ ಆಯಿತು. ಮಳೆ ಹಿಡಿದರೆ ಹಪ್ಪಳ ಒಣಗಿಸಲು ಬಿಸಿಲಿಲ್ಲ. ದಯವಿಟ್ಟು ಹೇಳಿ.

ದಾಂಡೇಲಿ ಬಾಯ್ಲರ್ ಮನೆ, ನಿವೃತ್ತ

ತಂಗಿ, ನಟ್ ಮುಟ್ಟಲು ಬಿಡದೇ ಇದ್ದದ್ದು ಬಹಳ ಒಳ್ಳೆಯದಾಯಿತು. ಬೇರೆಲ್ಲ ಕೈಕೊಟ್ಟಾಗ ನಿಮ್ಮನ್ನು ಉಳಿಸುವುದು ಅದೊಂದೇ. ನಾನು ಕಾಗದದ ಕಾರ್ಖಾನೆಯ ಬಾಯ್ಲರಿನ ಮುಂದೆ ಮೂವತ್ತು ವರ್ಷ ನಿಂತವನು. ಹಾರುವ ವಾಲ್ವನ್ನು ಬಿಗಿ ಮಾಡು ಎನ್ನುವವರನ್ನು ಒಳಗೇ ಬಿಡುತ್ತಿರಲಿಲ್ಲ. ನಿಮ್ಮದು 25 ಲೀಟರಿಗಿಂತ ಚಿಕ್ಕದು, ಹಾಗಾಗಿ ಬಾಯ್ಲರ್ ಕಾಯ್ದೆಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ಬಂದು ನೋಡುವ ಇನ್ಸ್‌ಪೆಕ್ಟರ್ ನಿಮಗಿಲ್ಲ. ನೋಡಿಕೊಳ್ಳಬೇಕಾದವರು ನೀವೇ.

ಎರಡು ವಿಷಯ ಹೇಳಿ. ಗೇಜ್ ಮತ್ತು ಸ್ವಿಚ್ ಒಂದೇ ಪೈಪಿನ ಮೇಲಿವೆಯಾ, ಬೇರೆ ಬೇರೆಯಾ? ಮುಳ್ಳು 1.5 ದಾಟುವಾಗ ಸ್ವಿಚ್ಚಿನೊಳಗೆ ಟಿಕ್ ಅನ್ನುತ್ತದಾ?

ಕುಮಟಾ ವೈರಿಂಗ್

ಅಕ್ಕ, ಟಿಕ್ ಅಂದಮೇಲೂ ಕಾಯಿಲ್ ಕಾಯುತ್ತಲೇ ಇದ್ದರೆ ಕಾಂಟ್ಯಾಕ್ಟರ್, ಅಂದರೆ ಪ್ರೆಶರ್ ಸ್ವಿಚ್ಚಿನ ಮಾತು ಕೇಳಿ ಕಾಯಿಲಿಗೆ ಕರೆಂಟ್ ಕೊಡುವ, ತೆಗೆಯುವ ದೊಡ್ಡ ಸ್ವಿಚ್ ನೋಡಿಸಿ. ನಮ್ಮ ಹಳ್ಳಿ ಕಡೆ ಸಂಜೆ ವೋಲ್ಟೇಜ್ ಬಿದ್ದಾಗ ಅದು ಗರ್ ಅಂತ ನಡುಗುತ್ತದೆ. ಹಾಗೆ ನಡುಗಿ ನಡುಗಿ ಒಳಗಿನ ಪಾಯಿಂಟ್ ಸುಟ್ಟು ಅಂಟಿಕೊಂಡು ಬಿಡುತ್ತವೆ. ಆಮೇಲೆ ಸ್ವಿಚ್ ಆಫ್ ಆದರೂ ಕರೆಂಟ್ ಹೋಗುತ್ತಲೇ ಇರುತ್ತದೆ. ಮುಚ್ಚಳ ನೀವೇ ತೆಗೆಯಬೇಡಿ, ಮೇನ್ ಆಫ್ ಮಾಡಿ ವೈರಿಂಗಿನವರ ಕೈಲೇ ನೋಡಿಸಿ.

ಹಪ್ಪಳದ ಮನೆ, ಶಿರಸಿ

ಅಣ್ಣ, ಗೇಜ್ ಬೇರೆ ಕಡೆ ಇದೆ, ನೇರ ಬಾಯ್ಲರಿನ ಮೈಗೆ. ಸ್ವಿಚ್ ಇರುವುದು ಒಂದು ಸುತ್ತು ಸುತ್ತಿದ ಸಣ್ಣ ಪೈಪಿನ ತುದಿಯಲ್ಲಿ. ಇವತ್ತು ಪಕ್ಕದಲ್ಲೇ ಕಿವಿಗೊಟ್ಟು ನಿಂತೆ. 1.5ಕ್ಕೆ ಶಬ್ದವೇ ಇಲ್ಲ. 2.2ರ ಹತ್ತಿರ ಟಿಕ್ ಅಂತು, ಕಾಯಿಲ್ ತಕ್ಷಣ ಆಫ್ ಆಯಿತು. ವಾಲ್ವ್ ತೆರೆದೆ, ಮುಳ್ಳು ಸೊರ್ರನೆ ಇಳಿಯಿತು. ಮತ್ತೆ ಟಿಕ್ ಅನ್ನಲು ಏಳು ನಿಮಿಷ ಬೇಕಾಯಿತು.

ದಾಂಡೇಲಿ ಬಾಯ್ಲರ್ ಮನೆ, ನಿವೃತ್ತ

ಹಾಗಾದರೆ ಕಾಂಟ್ಯಾಕ್ಟರ್ ಸರಿ ಇದೆ. ಸ್ವಿಚ್ಚೂ ಬಹುಶಃ ಸರಿ ಇದೆ. ಕಟ್ಟಿಕೊಂಡಿರುವುದು ಆ ಸುತ್ತಿದ ಪೈಪು. ಅದಕ್ಕೆ ಸೈಫನ್ ಅಂತಾರೆ, ಹಂದಿಬಾಲದ ಹಾಗೆ ಇರುವುದಕ್ಕೆ ಪಿಗ್‌ಟೇಲ್ ಅಂತಲೂ ಕರೆಯುತ್ತಾರೆ. ಸುತ್ತಿನಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಬಿಸಿ ಹಬೆ ನೇರವಾಗಿ ಸ್ವಿಚ್ಚಿನ ತೆಳ್ಳಗಿನ ಪರದೆಗೆ ತಾಗದ ಹಾಗೆ ಆ ನೀರು ತಡೆಯುತ್ತದೆ, ಒತ್ತಡವನ್ನು ಮಾತ್ರ ದಾಟಿಸುತ್ತದೆ.

ಸ್ವಿಚ್ಚಿನ ಸೆಟ್ಟಿಂಗ್ ಮಾತ್ರ ತಪ್ಪಿದ್ದರೆ ಆಫ್ ಆಗುವುದೂ ಆನ್ ಆಗುವುದೂ ಎರಡೂ ಒಂದೇ ಕಡೆಗೆ ಸರಿಯುತ್ತಿದ್ದವು. ನಿಮ್ಮಲ್ಲಿ ಆಫ್ ಮೇಲೆ ಹೋಗಿದೆ, ಆನ್ ಕೆಳಗೆ ಹೋಗಿದೆ. ಅಂದರೆ ಬಾಯ್ಲರಿನ ಸುದ್ದಿ ಸ್ವಿಚ್ಚಿಗೆ ತಡವಾಗಿ ಮುಟ್ಟುತ್ತಿದೆ. ಏರುವಾಗ ಒತ್ತಡ ಪೈಪಿನಲ್ಲಿ ನುಸುಳಲು ಹೊತ್ತು ಬೇಕು. ಇಳಿಯುವಾಗ ಸ್ವಿಚ್ಚಿನ ಕಡೆ ಸಿಕ್ಕಿಕೊಂಡ ಒತ್ತಡ ಬಿಡಲು ಹೊತ್ತು ಬೇಕು. ಸ್ಕ್ರೂ ಇಳಿಸಿದಮೇಲೆ ಆನ್ ಇನ್ನೂ ತಡವಾದದ್ದು ಇದಕ್ಕೇ.

ನಾಳೆ ಬೆಳಿಗ್ಗೆ, ಬಾಯ್ಲರ್ ಪೂರ್ತಿ ತಣ್ಣಗಿರುವಾಗ, ಮೇನ್ ಆಫ್ ಮಾಡಿಸಿ ಬಿಚ್ಚಿಸಿ. ಮುಳ್ಳು ಸೊನ್ನೆಯಲ್ಲಿದೆ ಅಂತ ನಂಬಬೇಡಿ, ಹಬೆ ವಾಲ್ವ್ ತೆರೆದೇ ಇಡಿ. ಸೈಫನ್ನಿನ ಒಂದು ತುದಿಯಿಂದ ಊದಿ ನೋಡಿ. ಅದು ಸರಾಗವಾಗಿದ್ದರೂ ನಿಲ್ಲಬೇಡಿ, ಬಾಯ್ಲರಿನ ಮೈಯಲ್ಲಿ ಅದು ಕೂರುವ ತೂತನ್ನು ತಂತಿ ಹಾಕಿ ನೋಡಿ. ಜಾಸ್ತಿ ಸಲ ಕಟ್ಟುವುದು ಅಲ್ಲೇ. ಕೂರಿಸುವಾಗ ಸುತ್ತಿಗೆ ನೀರು ತುಂಬಿ ಕೂರಿಸಿ. ಟೆಫ್ಲಾನ್ ಟೇಪು ಪೈಪಿನ ಬಾಯಿಗೆ ಅಡ್ಡ ಬರಬಾರದು. ಸ್ವಿಚ್ಚಿನ ಸ್ಕ್ರೂ ಮೊದಲಿದ್ದ ಜಾಗಕ್ಕೇ ತನ್ನಿ.

ಕಾರವಾರ, ಹಡಗಿನ ಎಂಜಿನ್ ರೂಮು

ದಾಂಡೇಲಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಮಗಳು ಬೋಸ್ಟನ್ ಹತ್ತಿರ ಹಳೇ ಮನೆಯಲ್ಲಿದ್ದಾಳೆ. ಅಲ್ಲಿ ನೆಲಮಾಳಿಗೆಯಲ್ಲಿ ಗ್ಯಾಸಿನ ಸ್ಟೀಮ್ ಬಾಯ್ಲರ್, ಚಳಿಗೆ ಮನೆಯನ್ನೆಲ್ಲ ಅದೇ ಬೆಚ್ಚಗಿಡುತ್ತದೆ. ಕಳೆದ ಚಳಿಗಾಲ ಅದರ ಪ್ರೆಶರ್ ಕಂಟ್ರೋಲ್ ಕೈಕೊಟ್ಟಿತು. ವಿಡಿಯೋ ಕಾಲಿನಲ್ಲಿ ನೋಡಿದರೆ ಅದೇ ಪಿಗ್‌ಟೇಲ್, ಅದೇ ತುಕ್ಕು.

ಇನ್ನೊಂದು ಮಾತು. ಅಂಥ ಮನೆ ಬಾಯ್ಲರುಗಳು ಸಾಮಾನ್ಯವಾಗಿ ಚದರ ಇಂಚಿಗೆ 2 ಪೌಂಡಿಗಿಂತ ಕಡಿಮೆ ಒತ್ತಡದಲ್ಲಿ ನಡೆಯುತ್ತವೆ, ನಮ್ಮ ಲೆಕ್ಕದಲ್ಲಿ ಸುಮಾರು 0.14 ಕೆಜಿ. ನಿಮಗೂ 1.5 ಬೇಕಾ ಅಂತ ಯೋಚಿಸಿ. ಬಾಯ್ಲರಿನೊಳಗೆ 1.5 ಕೆಜಿಯಲ್ಲಿ ಹಬೆ ಸುಮಾರು 127 ಡಿಗ್ರಿ ಇರುತ್ತದೆ, ನಿಜ. ಆದರೆ ನಿಮ್ಮ ಪಾತ್ರೆಯ ಮುಚ್ಚಳ ಸಡಿಲವೇ ಇರಬೇಕು. ಅಲ್ಲಿ ಸೊಳೆ ಬೇಯುವುದು 100ರ ಹತ್ತಿರವೇ. ಒತ್ತಡ ಏರಿಸಿದರೆ ಹಬೆ ಜಾಸ್ತಿ ಬರುವುದಿಲ್ಲ, ಹಬೆ ಎಷ್ಟು ಅನ್ನುವುದು ಕಾಯಿಲ್ ಮೇಲೆ. 6 ಕಿಲೋವ್ಯಾಟಿಗೆ ಗಂಟೆಗೆ ಸುಮಾರು 8 ಲೀಟರ್ ನೀರು ಹಬೆಯಾಗುತ್ತದೆ, ಅಷ್ಟೇ.

ದಾಂಡೇಲಿ ಬಾಯ್ಲರ್ ಮನೆ, ನಿವೃತ್ತ

ಒಪ್ಪಿದೆ. ಆದರೆ ತಂಗಿ, ಒತ್ತಡ ಇಳಿಸಿದರೆ ವಾಲ್ವ್ ನಿಧಾನಕ್ಕೆ ತೆರೆಯಿರಿ. ಒಮ್ಮೆಲೇ ತೆರೆದರೆ ನೀರು ಉಕ್ಕಿ ಹಬೆಯ ಜೊತೆ ಪೈಪಿಗೆ ಬರುತ್ತದೆ, ಸೊಳೆ ನೆನೆಯುತ್ತದೆ. ಮೊದಲು 1ಕ್ಕೆ ಇಟ್ಟು ನೋಡಿ.

ಹಪ್ಪಳದ ಮನೆ, ಶಿರಸಿ

ಅಣ್ಣಂದಿರೇ, ಬಿಚ್ಚಿಸಿದೆವು. ಸೈಫನ್ನಿಗೆ ನಮ್ಮ ಯಜಮಾನರು ಎಷ್ಟು ಊದಿದರೂ ಗಾಳಿ ದಾಟಲಿಲ್ಲ. ನೆಲಕ್ಕೆ ತಟ್ಟಿದಾಗ ಕೆಂಪು ಕೆಸರು ಬಿತ್ತು, ಒಣಗಿದ ಜೇಡಿಯ ಹಾಗೆ, ಉಗುರಿನಲ್ಲಿ ಒತ್ತಿದರೆ ಪುಡಿ. ಬಾಯ್ಲರಿನ ತೂತು ಬೆಂಕಿಕಡ್ಡಿ ಹೋಗುವಷ್ಟೂ ಉಳಿದಿರಲಿಲ್ಲ. ಆ ಬಣ್ಣ ನೋಡಿ ಅತ್ತೆ ತಕ್ಷಣ ಹೇಳಿದರು, ಇದು ನಮ್ಮ ಬಾವಿಯದ್ದೇ. ಜಂಬಿಟ್ಟಿಗೆ ಕಲ್ಲಿನ ಬಾವಿ, ಏಪ್ರಿಲ್‌ನಲ್ಲಿ ನೀರು ತಳ ಕಂಡಾಗ ಬಿಂದಿಗೆಯಲ್ಲೂ ಇದೇ ಕೆಂಪು ಕೂರುತ್ತದೆ. ಎರಡು ಸೀಸನ್ ನಾವು ಬಾಯ್ಲರಿನ ಅಡಿಯ ನಲ್ಲಿ ಬಿಟ್ಟು ಕೆಸರು ತೆಗೆದೇ ಇರಲಿಲ್ಲ. ಯಾರೂ ಹೇಳಿರಲಿಲ್ಲ.

ಹೊಸ ಸೈಫನ್ ಹಾಕಿದೆವು, ನೀರು ತುಂಬಿಯೇ ಕೂರಿಸಿದೆವು. ಈಗ 1ಕ್ಕೆ ಟಿಕ್, 0.5ಕ್ಕೆ ಟಿಕ್. ನಿನ್ನೆ ಎಂಟು ಪಾತ್ರೆ ಸೊಳೆ ಬೆಂದಿತು, ಎಲ್ಲವೂ ಒಂದೇ ಹದ. ಒಂದೇ ಅನುಮಾನ ಉಳಿದಿದೆ. ಸೇಫ್ಟಿ ವಾಲ್ವಿನ ಬಾಯಿಂದ ಈಗ ಹನಿ ಹನಿ ನೀರು ಬೀಳುತ್ತಿದೆ.

ದಾಂಡೇಲಿ ಬಾಯ್ಲರ್ ಮನೆ, ನಿವೃತ್ತ

ಹಾರಿದಾಗ ಆ ಕೆಸರೇ ವಾಲ್ವ್ ಮುಚ್ಚಿ ಕೂರುವ ಸೀಟಿಗೆ ಸಿಕ್ಕಿರಬೇಕು. ಬಿಗಿ ಮಾಡಬೇಡಿ, ಬಾಯಿಗೆ ಬೂಚು ಹಾಕಬೇಡಿ. ಮೈಮೇಲೆ ಕೊರೆದ ಅಂಕಿ ನೋಡಿ ಅದೇ 2.5ರ, ಅದೇ ಸೈಜಿನ ಹೊಸ ವಾಲ್ವ್ ತಂದು ಹಾಕಿಸಿ. ಅದು ಬರುವವರೆಗೆ ಬಾಯ್ಲರ್ ಹಚ್ಚಬೇಡಿ, ಎರಡು ದಿನ ಸೌದೆ ಒಲೆಯಲ್ಲೇ ಬೇಯಿಸಿ. ಹಾಗೇ ನೀರಿನ ಮಟ್ಟ ನೋಡುವ ಕಡ್ಡಿಯನ್ನೂ ಬಿಚ್ಚಿ ಒರೆಸಿ, ಆ ಕೆಂಪು ಅದಕ್ಕೂ ಮೆತ್ತಿರುತ್ತದೆ. ಇನ್ನು ದಿನಾ ಕೆಲಸ ಮುಗಿದು ಮುಳ್ಳು ಸೊನ್ನೆಗೆ ಬಂದು ನೀರು ತಣ್ಣಗಾದಮೇಲೆ ಅಡಿಯ ನಲ್ಲಿ ತೆರೆದು ಒಂದೆರಡು ಲೀಟರ್ ಹೊರಗೆ ಬಿಡಿ. ನೀರು ತಿಳಿಯಾಗಿ ಬಂದಮೇಲೆ ಮುಚ್ಚಿ.