ಮುಂಬೈ ಸೆಕೆಗೆ ಎಂಥ ಕಂಪ್ಯೂಟರ್ ಕ್ಯಾಬಿನೆಟ್ (ಹೊರಪೆಟ್ಟಿಗೆ) ಕೊಳ್ಳಬೇಕು?

ಡೊಂಬಿವಲಿಯಿಂದ ಪ್ರಶ್ನೆ: ಮಗನ ವಿಡಿಯೊ ಸಂಕಲನಕ್ಕೆ ಕಂಪ್ಯೂಟರ್ ಜೋಡಿಸುತ್ತಿದ್ದೇವೆ. ಎ.ಸಿ. ಇಲ್ಲದ ಕೋಣೆ, ಕಿಟಕಿಯಾಚೆ ರಸ್ತೆಯ ಧೂಳು. ಅವನಿಗೆ ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜಿನದೇ ಬೇಕಂತೆ. ತಂಪಾಗಿರುತ್ತದೆಯೇ?

ಮಾಟುಂಗಾದಿಂದ: ಗಾಜು ಬೇಕಿದ್ದರೆ ಪಕ್ಕಕ್ಕಿರಲಿ ಸ್ವಾಮಿ, ಮುಂದೆ ಜಾಲರಿಯೇ ಇರಲಿ. ಗಾಳಿಗೆ ದಾರಿಯಿಲ್ಲದ ಕಡೆ ಎಷ್ಟು ಫ್ಯಾನ್ ಕೂರಿಸಿದರೂ ಬರೀ ಸದ್ದು. ಮುಂದೆ 140 ಮಿ.ಮೀ.ನ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ 120ರದೊಂದು ಹೊರಹಾಕಲಿ. ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಸಂದುಗಳಿಂದ ನುಗ್ಗುವ ಧೂಳು ಕಡಿಮೆ. ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋದಾಗ ಪಕ್ಕದ ತಗಡನ್ನು ಬಿಚ್ಚಿಸಿ, ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಣ್ಣೆ ಡಬ್ಬದಂತೆ ಟಕ್ಕೆಂದು ಒಳಗೆ ಹೋದರೆ ಅಲ್ಲೇ ಬಿಟ್ಟು ಬನ್ನಿ. ಕೊರೆದ ಅಂಚುಗಳಿಗೂ ಬಣ್ಣ ಹತ್ತಿರಬೇಕು, ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯುವುದು ಅಲ್ಲಿಂದಲೇ. ಬಣ್ಣದ ದೀಪಗಳಿಗೆ ಸುರಿಯುವ ದುಡ್ಡು, ನನ್ನನ್ನು ಕೇಳಿದರೆ, ದಂಡ.

ಪುಣೆಯಿಂದ: ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ನ ಎತ್ತರವನ್ನೂ ನೋಡಿ, ಅದು ಕ್ಯಾಬಿನೆಟ್ಟಿನೊಳಗೆ ಹಿಡಿಸಬೇಕು. ನಾಕ್ಟುವಾ ಎನ್‌ಎಚ್-ಡಿ15 ಕೂಲರ್ 165 ಮಿ.ಮೀ.; ಕೋರ್ಸೇರ್ 4000ಡಿ ಏರ್‌ಫ್ಲೋ ಕ್ಯಾಬಿನೆಟ್ಟಿನಲ್ಲಿ 170ರವರೆಗೆ ಜಾಗವಿದೆ.

ಡೊಂಬಿವಲಿಯಿಂದ: ಧೂಳು ತಡೆಯುವ ಬಲೆಯನ್ನು ತೊಳೆಯಬಹುದೇ?

ಮಾಟುಂಗಾದಿಂದ: ಧಾರಾಳವಾಗಿ. ನಲ್ಲಿಯ ಕೆಳಗೆ ಹಿಡಿಯಿರಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆ ಕೆಲಸ ಮಗನದೇ ಎಂದು ಈಗಲೇ ಒಪ್ಪಿಸಿಕೊಳ್ಳಿ.