ತಡವಾಗಿ ಕೂಡಿ ಆಚರಿಸುವ ಕುಟುಂಬದ ಕ್ರಿಸ್‌ಮಸ್: ಅನುಭವವಿರುವವರು ತಿಳಿಸುವಿರಾ?

ಬೆಂಗಳೂರಿನಿಂದ ಪ್ರಶ್ನೆ:

ನಾನು ಶಿರ್ವದ ಒಂದು ದೊಡ್ಡ ಕ್ಯಾಥೊಲಿಕ್ ಕುಟುಂಬದ ಹಿರಿಯ ಸೊಸೆ. 2026ರ ಡಿಸೆಂಬರ್ 25ರಂದು ಊರಿನ ಮನೆಯಲ್ಲಿ ಅತ್ತೆಯವರು, ನಾವಿಬ್ಬರು ಮತ್ತು ಮಕ್ಕಳು ಮಾತ್ರ ಇರುತ್ತೇವೆ. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ನಾದಿನಿಗೆ ಅಂದು ಡ್ಯೂಟಿಯಿದೆ. ದುಬೈಯಲ್ಲಿರುವ ಮೈದುನನಿಗೆ ವರ್ಷಾಂತ್ಯದ ಲೆಕ್ಕ ಮುಗಿಯದೆ ರಜೆ ಸಿಗುವುದಿಲ್ಲ. ಇಬ್ಬರೂ ಊರಿನಲ್ಲಿರುವುದು ಜನವರಿಯ ಮೊದಲ ವಾರದಲ್ಲಿ. ಚಿಕ್ಕಪ್ಪ, ದೊಡ್ಡಪ್ಪಂದಿರ ಮನೆಯವರನ್ನೂ ಕರೆದರೆ ಮೂವತ್ತು ಜನರಾಗುತ್ತಾರೆ. ಆಗಲೇ ಎಲ್ಲರೂ ಕೂಡಿ ಆಚರಿಸೋಣವೆಂದರೆ ಅತ್ತೆಯವರು, "ಹಬ್ಬ ಕಳೆದ ಮೇಲೆ ಎಂಥ ಹಬ್ಬ?" ಎನ್ನುತ್ತಾರೆ. ಯಾವ ದಿನವನ್ನು ಆರಿಸಬೇಕು, ಕುಸ್ವಾರ್ (ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳು) ಅಲ್ಲಿಯವರೆಗೆ ಉಳಿಯುತ್ತದೆಯೇ, ಅತ್ತೆಯವರನ್ನು ಹೇಗೆ ಒಪ್ಪಿಸಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಮೂಡುಬಿದಿರೆಯಿಂದ, ನಿವೃತ್ತ ಶಿಕ್ಷಕರೊಬ್ಬರು:

ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಚರ್ಚಿನ ಪಂಚಾಂಗದಲ್ಲಿಯೇ ಇದೆ, ತಂಗೀ. ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್ ಆರಂಭವಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ಜನವರಿ 1ರವರೆಗಿನ ಎಂಟು ದಿನಗಳನ್ನು ಧರ್ಮಸಭೆಯು ಒಂದೇ ಹಬ್ಬದಂತೆ ಆಚರಿಸುತ್ತದೆ. ಅದರ ನಡುವಿನ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಆ ಬಳಿಕ ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡ ದಿನ, ಕೊನೆಗೆ ಯೇಸುವಿನ ಸ್ನಾನದೀಕ್ಷೆಯ ಹಬ್ಬ. ಜ್ಞಾನಿಗಳ ಹಬ್ಬದ ಮೂಲ ದಿನ ಜನವರಿ 6 ಆದರೂ ನಮ್ಮ ದೇಶದಲ್ಲಿ ಅದನ್ನು ಭಾನುವಾರಕ್ಕೆ ಹೊಂದಿಸಿಕೊಳ್ಳುವುದರಿಂದ 2027ರಲ್ಲಿ ಅದು ಜನವರಿ 3ಕ್ಕೆ, ಸ್ನಾನದೀಕ್ಷೆಯ ಹಬ್ಬ 10ಕ್ಕೆ ಬರುತ್ತದೆ. ನೀವು ಕೂಡಬೇಕೆಂದಿರುವ ವಾರ ಇವೆರಡರ ನಡುವೆಯೇ ಇದೆ. ದೂರದಿಂದ ಪ್ರಯಾಣ ಮಾಡಿ ತಡವಾಗಿ ತಲುಪಿದವರ ಹಬ್ಬವಾದ 3ನೆಯ ತಾರೀಖಿಗಿಂತ ಒಳ್ಳೆಯ ದಿನ ನಿಮ್ಮ ನಾದಿನಿ ಮತ್ತು ಮೈದುನನಿಗೆ ಬೇರೆ ಸಿಗಲಾರದು.

ಆದರೆ 25ನ್ನು ಖಾಲಿ ಬಿಡಬೇಡಿ. ವಯಸ್ಸಾದವರಿಗೆ ನೋವಾಗುವುದು ಊಟ ಮುಂದೆ ಹೋಯಿತೆಂದಲ್ಲ, ಆ ದಿನ ಮನೆ ಬಿಕೋ ಎನ್ನುತ್ತದೆಯೆಂದು. ಹಿಂದಿನ ರಾತ್ರಿ ಚರ್ಚಿನ ಬಲಿಪೂಜೆ (ಮಾಸ್), ಬೆಳಿಗ್ಗೆ ನೆರೆಮನೆಗಳಿಗೆ ಕುಸ್ವಾರ್ ತಟ್ಟೆ, ಸಂಜೆಯ ಜಪಮಾಲೆ ಇವೆಲ್ಲ ಆ ದಿನವೇ, ಅವರ ಮುಂದಾಳ್ತನದಲ್ಲಿಯೇ ನಡೆಯಲಿ; ಜನವರಿಗೆ ಹೋಗಬೇಕಾದುದು ದೊಡ್ಡ ಊಟ ಮತ್ತು ಉಡುಗೊರೆಗಳು ಮಾತ್ರ. ನಮ್ಮ ಮನೆಯ ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ) ಜ್ಞಾನಿಗಳ ಮೂರು ಬೊಂಬೆಗಳನ್ನು ಮೊದಲ ದಿನವೇ ಇಡುವುದಿಲ್ಲ. ಅವು ಕಿಟಕಿಯ ಕಟ್ಟೆಯಿಂದ ಹೊರಟು, ರೇಡಿಯೊ ಇಟ್ಟ ಮೇಜನ್ನು ದಾಟಿ, ದಿನಕ್ಕೆ ಒಂದಿಷ್ಟರಂತೆ ಮುಂದೆ ಬರುತ್ತವೆ. ಒಂಟೆಯ ಒಂದು ಕಾಲು ಮುರಿದಿದೆ. ಅದಕ್ಕೆ ಬೆಂಕಿಪೆಟ್ಟಿಗೆಯನ್ನು ಆಸರೆ ಕೊಟ್ಟು ಮಕ್ಕಳೇ ನಡೆಸುತ್ತಾರೆ. ಕೊನೆಯ ಬಾರಿ ಅವನ್ನು ಎತ್ತಿ ಹುಲ್ಲಿನ ಮೇಲೆ ಇಡುವ ಕೆಲಸವನ್ನು ದುಬೈಯಿಂದ ಬರುವ ಮಕ್ಕಳಿಗೆ ಮೀಸಲಿಟ್ಟರೆ ಹಬ್ಬ ಇನ್ನೂ ನಡೆಯುತ್ತಿದೆಯೆಂದು ಅಜ್ಜಿಗೆ ಯಾರೂ ವಾದಿಸಿ ಹೇಳಬೇಕಾಗಿಲ್ಲ.

ಉಡುಪಿಯಿಂದ, ಗೃಹಿಣಿಯೊಬ್ಬರು:

ಮಾಸ್ಟರರು ದಿನದ ವಿಷಯ ಹೇಳಿದ್ದಾರೆ. ನಾನು ಅಡುಗೆಮನೆಯ ವಿಷಯ ಹೇಳುತ್ತೇನೆ.

ಕುಸ್ವಾರ್ ಅನ್ನು ಎರಡು ಕಂತಿನಲ್ಲಿ ಮಾಡಿ. ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ ಇವು ಚೆನ್ನಾಗಿ ಕರಿದು, ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಜನವರಿಯವರೆಗೆ ಧಾರಾಳವಾಗಿ ಉಳಿಯುತ್ತವೆ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಮರುದಿನವೇ ಮೆತ್ತಗಾಗುತ್ತವೆ. ಎರಡನೆಯ ಕಂತಿನ ಕಿಡಿಯೊಗಳಿಗೆ ಸಕ್ಕರೆ ಪಾಕವನ್ನು ಈಗಲೇ ಹಾಕಬೇಡಿ. ಕೂಡುವ ಮುನ್ನಾದಿನ ಹಾಕಿದರೆ ಅಂದೇ ಮಾಡಿದಂತೆ ಬೆಳ್ಳಗೆ, ಗರಿಗರಿಯಾಗಿ ಕಾಣುತ್ತವೆ. ಕರ್ಜಿಕಾಯಿಯಂಥ ನೆವ್ರಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹಸಿ ತೆಂಗಿನಕಾಯಿಯ ಹೂರಣ ಬೇಗನೆ ಹಳಸುತ್ತದೆ. ಹುರಿದ ಎಳ್ಳು, ಒಣ ಕೊಬ್ಬರಿ ಮತ್ತು ಸಕ್ಕರೆ ಪುಡಿ ತುಂಬಿದರೆ ಬಾಳಿಕೆ ಹೆಚ್ಚು. ರವೆ ಮತ್ತು ತೆಂಗಿನಕಾಯಿಯ ಬಾತ್ ಕೇಕನ್ನು ಎರಡು ದಿನ ಮೊದಲು ಬೇಯಿಸಿದರೆ ಸಾಕು. ಪ್ಲಮ್ ಕೇಕಿನ ಚಿಂತೆಯೇ ಬೇಡ. ರಮ್‌ನಲ್ಲಿ ನೆನೆಸಿದ ಹಣ್ಣುಗಳ ಕೇಕು ದಿನ ಕಳೆದಷ್ಟೂ ಪರಿಮಳಿಸುತ್ತದೆ. ಹಬ್ಬಕ್ಕೆ ಮೀಸಲಾದ ಡಬ್ಬಿಗಳನ್ನು ಅಟ್ಟದ ಮೇಲಿಟ್ಟು, "ಇದು ಜನವರಿಯದು" ಎಂದು ಚೀಟಿ ಅಂಟಿಸಿಡಿ, ಇಲ್ಲದಿದ್ದರೆ ಮನೆಯ ಗಂಡಸರು ಟಿವಿ ಮುಂದೆ ಕುಳಿತು ಮುಗಿಸಿರುತ್ತಾರೆ.

ಹಂದಿಮಾಂಸದ ಬಾಫಾತನ್ನು ಹಿಂದಿನ ದಿನವೇ ಮಾಡಿಡಿ. ಖಾರವೂ ಹುಳಿಯೂ ತುಂಡಿನೊಳಗೆ ಇಳಿಯಲು ಅದಕ್ಕೆ ಒಂದು ರಾತ್ರಿ ಬೇಕು. ಜೊತೆಗೆ ಕೋಳಿ ಸಾರು ಇದ್ದರೆ ಮೂವತ್ತು ಜನರಿಗೆ ಏಳೆಂಟು ಕಿಲೊ ಸಾಕಾಗುತ್ತದೆ. ಡಿಸೆಂಬರ್ 24ರಂದು ಮಾಂಸದಂಗಡಿಯ ಮುಂದೆ ನಿಲ್ಲುವ ಸಾಲು ಜನವರಿ 2ರಂದು ಇರುವುದಿಲ್ಲ ಎಂಬುದು ತಡವಾದ ಹಬ್ಬದ ದೊಡ್ಡ ಲಾಭವೆಂದು ನಾನು ತಿಳಿಯುತ್ತೇನೆ. ಇಡ್ಲಿಯಂಥ ಸಾನ್ನಾಂ ಮಾತ್ರ ಅದೇ ಬೆಳಿಗ್ಗೆ ಹಬೆಯಲ್ಲಿ ಬೇಯಬೇಕು. ತಲೆಗೆ ನಾಲ್ಕರಂತೆ ಲೆಕ್ಕ ಹಾಕಿ, ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ತುಂಬದೆ ಎರಡರಲ್ಲಿ ಅರ್ಧರ್ಧ ಬಿಡಿ; ಕಳ್ಳು ಹಾಕಿದ ಹಿಟ್ಟು ರಾತ್ರಿ ಉಕ್ಕಿ ನೆಲಕ್ಕೆ ಹರಿದರೆ ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಹೊತ್ತಿನಲ್ಲಿ ನೆಲ ಒರೆಸುತ್ತಾ ಕೂರಬೇಕಾಗುತ್ತದೆ. ಬಂದವರಿಗೂ ಕೆಲಸ ಹಂಚಿರಿ. ವಿದೇಶದಿಂದ ಬಂದವರನ್ನು ಅತಿಥಿಗಳಂತೆ ಕೂರಿಸಿ ಹಿರಿಯ ಸೊಸೆ ಒಬ್ಬಳೇ ಬೇಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಕುವೈತಿನಿಂದ:

ಬರುವವರ ಕಡೆಯಿಂದ ನನ್ನದೊಂದು ಮಾತು. ದಿನ ನಿಗದಿ ಮಾಡುವ ಮೊದಲು ನಿಮ್ಮ ನಾದಿನಿ, ಮೈದುನನನ್ನು ಕೇಳಿರಿ. ಊರಿನಲ್ಲಿ ನಿರ್ಧರಿಸಿ ನಮಗೆ ತಿಳಿಸಿದರೆ ಟಿಕೆಟ್ ಬದಲಿಸಲು ಆಗುವ ಖರ್ಚನ್ನು ನಾವೇ ಹೊರಬೇಕಾಗುತ್ತದೆ, ಅದನ್ನು ಬಾಯಿ ಬಿಟ್ಟು ಹೇಳಲೂ ಆಗುವುದಿಲ್ಲ. ವಿಮಾನ ಇಳಿದ ದಿನವೇ ಕೂಟ ಬೇಡ. ಐರ್ಲೆಂಡಿನಿಂದ ಬರುವವರಿಗೆ ಕನಿಷ್ಠ ಒಂದು ರಾತ್ರಿಯ ನಿದ್ರೆ ಬೇಕು.

ಇನ್ನೊಂದು, ಮದುವೆಗಳು. ಕ್ರಿಸ್‌ಮಸ್ ಮುಗಿದ ಮರುದಿನದಿಂದಲೇ ನಮ್ಮವರ ಮದುವೆಗಳು ಸಾಲುಗಟ್ಟುತ್ತವೆ. 3ರಂದು ಮದುವೆ ಇಲ್ಲದಿದ್ದರೂ 4ರಂದು ಇದ್ದರೆ 3ರ ಸಂಜೆ ಮದುವೆಯ ಮುನ್ನಾದಿನದ ಶಾಸ್ತ್ರವಾದ ರೋಸ್ ಇರುತ್ತದೆ, ಅರ್ಧ ಕುಟುಂಬ ಅಲ್ಲಿ ವಧುವಿಗೋ ವರನಿಗೋ ತೆಂಗಿನ ಹಾಲು ಹಚ್ಚುತ್ತಿರುತ್ತದೆ. ಆದುದರಿಂದ ಬಂದಿರುವ ಆಮಂತ್ರಣಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿ, ಮಧ್ಯಾಹ್ನದ ಊಟವನ್ನೇ ಇಟ್ಟುಕೊಳ್ಳಿರಿ. ಉಡುಗೊರೆಗೆ ಎಲ್ಲರ ಹೆಸರಿನ ಚೀಟಿ ಎತ್ತಿ ಒಬ್ಬರಿಗೆ ಒಬ್ಬರಂತೆ ಗೊತ್ತು ಮಾಡಿದರೆ, ಗಲ್ಫಿನವರು ಮೂವತ್ತು ಜನರಿಗೂ ತರಬೇಕೆಂಬ ಮುಜುಗರ ತಪ್ಪುತ್ತದೆ.

ಚಿಕ್ಕಮಗಳೂರಿನಿಂದ:

ನಮ್ಮ ಕಡೆ ಡಿಸೆಂಬರ್ ಎಂದರೆ ಕಾಫಿ ಕೊಯ್ಲು. ಹಣ್ಣು ಗಿಡದಲ್ಲಿ ಕಾಯುವುದಿಲ್ಲ, ಆಳುಗಳನ್ನು ಬಿಟ್ಟು ತೋಟದ ಮನೆಯಿಂದ ಯಾರೂ ಇಳಿಯುವಂತಿಲ್ಲ. ಹಾಗಾಗಿ ನಾವು ಅರೇಬಿಕಾ ಮುಗಿಸಿ, ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಇಳಿದಾಗ ಅಲ್ಲಿಯೇ ಸಮೀಪದ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿ ಊಟ ಮಾಡುತ್ತೇವೆ. ಗೋದಲಿಯನ್ನು ಬಿಚ್ಚಿ ಆಗಿರುತ್ತದೆ, ಕುಸ್ವಾರ್ ಡಬ್ಬಿಯ ತಳ ಕಾಣುತ್ತಿರುತ್ತದೆ, ಆದರೂ ಹಿರಿಯರು ಬೆಸಾಂವ್ (ಆಶೀರ್ವಾದ) ಕೊಡುತ್ತಾರೆ, ಮಕ್ಕಳಿಗೆ ಉಡುಗೊರೆ ಸಿಗುತ್ತದೆ. ಮಾಸ್ಟರರು ಒಪ್ಪದಿರಬಹುದು, ನಮಗೆ ಇದು ಒಗ್ಗಿಹೋಗಿದೆ. 3ನೆಯ ತಾರೀಖು ಯಾವುದೋ ಕಾರಣಕ್ಕೆ ತಪ್ಪಿದರೂ ನಿಮ್ಮ ಅತ್ತೆಯವರು ಕೊರಗದಿರಲಿ. 2027ರಲ್ಲಿ ಬೂದಿ ಬುಧವಾರ ಫೆಬ್ರುವರಿ 10ಕ್ಕೆ ಬರುತ್ತದೆ. ಅದಕ್ಕೆ ಮೊದಲು ಕೂಡಿದರೂ ಆಯಿತು; ಅಲ್ಲಿಂದ ಉಪವಾಸದ ತಪಸ್ಸು ಕಾಲ, ಬಾಫಾತಿನ ಪಾತ್ರೆ ಇಳಿಸಬೇಕಾಗುತ್ತದೆ. ನಿಮ್ಮ ನಾದಿನಿಯ ರಜೆ ಎಷ್ಟು ದಿನವೆಂದು ತಿಳಿಸಿದರೆ ಮುಂದಿನದನ್ನು ಹೇಳಬಹುದು.